ಲಕ್ಷದ ಮೇಲೊಂದು

ಅಕ್ಕಿಆಲೂರಿನ ನಮ್ಮ ಓಣಿಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ‘ಗಣಿತದ ಮಾಸ್ತರ’ ಎನ್ನುತ್ತಾರೆ. ಆ ಹೆಸರಿನ ಮರ್ಯಾದೆ ನಾನು ಹೇಗೆ ಕಾಪಾಡಿದೆನೆಂಬುದು ಕಳೆದ ಕಾರ್ತಿಕದಲ್ಲಿ ಹನ್ನೊಂದು ಮನೆಗೂ ಗೊತ್ತಾಯಿತು.

ಬಸವಣ್ಣನ ಗುಡಿಗೆ ಲಕ್ಷ ಬತ್ತಿ ಹೊಸೆದು ಕೊಡುವುದೆಂದು ಓಣಿಯ ಹೆಂಗಸರು ನಿಶ್ಚಯಿಸಿದ್ದರು. ಬರೀ ಲಕ್ಷ ಬೇಡ, ಮೇಲೊಂದು ಇರಲಿ ಎಂಬುದು ನಮ್ಮ ವಾಡಿಕೆ. ಒಂದು ಲಕ್ಷದ ಒಂದು ಬತ್ತಿ, ಹನ್ನೊಂದು ಮನೆ. ಸಮನಾಗಿ ಹಂಚಿಕೊಡಿರೆಂದು ಹತ್ತಿಯ ಮೂಟೆ ಹೊತ್ತು ನನ್ನ ಬಳಿ ಬಂದರು. ನಾನು ಕನ್ನಡಕ ಏರಿಸಿ ಎರಡರಿಂದ ಭಾಗಿಸಿದೆ, ಮೂರರಿಂದ, ಐದರಿಂದ, ಏಳರಿಂದ ಭಾಗಿಸಿದೆ. ಹೋಗಲಿಲ್ಲ. ಅಷ್ಟರಲ್ಲಿ ಚಹಾ ಬಂತು.

“ಇದು ಅವಿಭಾಜ್ಯ ಸಂಖ್ಯೆ. ಯಾವುದರಿಂದಾನೂ ಭಾಗ ಹೋಗೂದಿಲ್ಲ” ಎಂದು ಬಸಿಗೆ ಚಹಾ ಸುರಿದುಕೊಳ್ಳುತ್ತ ತೀರ್ಪು ಕೊಟ್ಟೆ. “ಹತ್ತು ಮನಿಗೆ ಹತ್ತತ್ತು ಸಾವಿರ ಹಚ್ರಿ. ಉಳಿದದ್ದೊಂದು ಕಡೀ ಮನಿಗೆ.”

ಕಡೆಯ ಮನೆಯಾಕೆ ಸವಣೂರಿನಿಂದ ಬಂದು ಮೂರು ತಿಂಗಳಾಗಿತ್ತು. ಬಟ್ಟೆ ಹೊಲಿಯುತ್ತಾಳೆ. ಓಣಿಯ ಕೆಲಸಕ್ಕೆ ಅವಳನ್ನು ಕರೆದದ್ದು ಅದೇ ಮೊದಲು.

“ಎಲ್ಲಾರ ಜೋಡಿ ನಂದೂ ಸಮಪಾಲು ಇರಲಿ ಅಂತ ಬಂದೇನ್ರಿ. ಇನ್ನೊಮ್ಮೆ ನೋಡ್ರಿ ಮಾಸ್ತರ.”

“ಗಣಿತ ಐತಿ ತಂಗಿ. ಎಷ್ಟ ಸಲ ನೋಡಿದ್ರೂ ಅಷ್ಟ.”

ಆಕೆ ಒಂದು ಚಿಟಿಕೆ ಹತ್ತಿ ತೆಗೆದುಕೊಂಡು ಹೋದಳು.

ಎರಡು ದಿನ ಬಿಟ್ಟು ಹಾನಗಲ್ಲಿನ ಶಾಲೆಯಲ್ಲಿ ಎಂಟನೆಯ ಇಯತ್ತೆಗೆ ಹನ್ನೊಂದರ ನಿಯಮ ಹೇಳುತ್ತಿದ್ದೆ. ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿಸಿ, ಎರಡು ಮೊತ್ತ ಸಮವಾದರೆ ಭಾಗ ಹೋಗುತ್ತದೆ. ಉದಾಹರಣೆಗೆ ಕೈ ತಾನಾಗಿ ಹಲಗೆಯ ಮೇಲೆ ೧೦೦೦೦೧ ಬರೆಯಿತು. ಈ ಕಡೆ ಒಂದು, ಆ ಕಡೆ ಒಂದು. ಮನೆಗೆ ಒಂಬತ್ತು ಸಾವಿರದ ತೊಂಬತ್ತೊಂದು, ಒಂದೂ ಉಳಿಯುವುದಿಲ್ಲ. ಏಳಾದ ಮೇಲೆ ನೋಡಬೇಕಾದದ್ದೇ ಹನ್ನೊಂದು, ಆ ಹೊತ್ತಿಗೆ ನಾನು ಚಹಾ ಊದುತ್ತಿದ್ದೆ. ಇಪ್ಪತ್ತು ವರ್ಷದಿಂದ ಕಲಿಸುವ ಪಾಠ ನನಗೊಬ್ಬನಿಗೇ ತಲೆಗೆ ಹತ್ತಿರಲಿಲ್ಲ.

ಸಂಜೆ ಚೀಲ ಹಿಡಿದು ಮನೆ ಮನೆ ತಿರುಗಿದೆ. ಒಂದೊಂದು ಮನೆಯವರೂ ಒಂಬೈನೂರ ಒಂಬತ್ತು ಬತ್ತಿಯ ಹತ್ತಿ ವಾಪಸು ಕೊಡಬೇಕೆಂದೆ.

“ಎಣಿಸಿ ಕೊಡಾಕ ಇದು ಹತ್ತಿ ಐತ್ರಿ, ಅಡಿಕಿ ಅಲ್ಲ” ಎಂದು ನಕ್ಕು ಹಿಡಿ ಹಿಡಿ ತುಂಬಿದರು. ನನ್ನ ಹೆಂಡತಿಯಂತೂ, “ಹನ್ನೊಂದರ ಮಗ್ಗಿ ಬಂತೇನ್ರಿ?” ಎಂದಳು.

ಕಡೆಯ ಮನೆಯಲ್ಲಿ ಹೊಲಿಗೆ ಮಷೀನು ನಿಂತಿತು.

“ತಪ್ಪು ನಂದು ತಂಗಿ. ಒಂಬತ್ತು ಸಾವಿರದ ತೊಂಬತ್ತು ಬತ್ತಿಯ ಹತ್ತಿ ತಂದೇನಿ. ಒಂದು ಕಡಿಮಿ ಐತಿ.”

ಆಕೆ ಗೂಡಿನಿಂದ ಹೊಸೆದಿಟ್ಟ ಬತ್ತಿ ತೆಗೆದಳು. “ಆ ಒಂದು ನನ್ನ ಕಡೆ ಐತ್ರಿ. ಅವತ್ತ ಹೊಸೆದೆ. ಒಂದ ಬತ್ತಿ ಹಿಡ್ಕೊಂಡು ಎಲ್ಲಾರ ಮುಂದ ಹೆಂಗ ಹೋಗ್ಲಿ ಅಂತ ಕೊಟ್ಟಿರಲಿಲ್ಲ.”

ಆಕೆ ಚಹಾ ಮಾಡಲು ಎದ್ದಳು.

“ಈಗ ಬ್ಯಾಡ ತಂಗಿ,” ಎಂದೆ, “ಮೊದಲಿಗೆ ಲೆಕ್ಕ ಇನ್ನೊಮ್ಮೆ ನೋಡತೇನಿ.”