ಆಕ್ಸೆಲ್ ಸಾಹೇಬರನ್ನು ಊರಿಗೆ ಕಳಿಸಿದವರು

ಬೆಳಗಿನ ಆರೂವರೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ಹೆಡಿಂಗ್ಲೀ ಬಡಾವಣೆಯ ಪಕ್ಕದ ಹಳೆಯ ಸ್ಮಶಾನದಲ್ಲಿ ಮಂಜು ಇನ್ನೂ ಕರಗಿಲ್ಲ. ಐವತ್ತೊಂಬತ್ತರ ಈಶ್ವರಪ್ಪ ಮಂಡಿಯೂರಿ ಕೂತು ಸಮಾಧಿಯೊಂದರ ಕಲ್ಲಿನ ಪಾಚಿ ಉಜ್ಜುತ್ತಿದ್ದಾರೆ. ಬೇಲಿಯಾಚೆ ಬಸ್ಸಿಗೆ ಓಡುವವರು ಯಾರೂ ಇತ್ತ ತಿರುಗಿ ನೋಡುವುದಿಲ್ಲ.

ಹನ್ನೊಂದು ಎಕರೆ, ನಾಲ್ಕು ಸಾವಿರ ಸಮಾಧಿ, ಇಬ್ಬರೇ ಮಾಲಿಗಳು. ತುಮಕೂರಿನ ತೋಟಗಾರಿಕೆ ಇಲಾಖೆಯಲ್ಲಿದ್ದ ಈಶ್ವರಪ್ಪ, ನರ್ಸ್ ಆಗಿದ್ದ ಪತ್ನಿ ಚಂದ್ರಿಕಾ ಅವರೊಂದಿಗೆ ಇಲ್ಲಿಗೆ ಬಂದು ಇಪ್ಪತ್ತೇಳು ವರ್ಷ. ಆಕೆ ತೀರಿಕೊಂಡು ಆರು ವರ್ಷವಾಯಿತು. "ಮಗಳಿಗೆ ಕನ್ನಡ ಅರ್ಥ ಆಗುತ್ತೆ, ಉತ್ತರ ಇಂಗ್ಲಿಷಲ್ಲೇ ಕೊಡ್ತಾಳೆ. ಅದಕ್ಕೇ ಸಾಹೇಬ್ರ ಹತ್ರ ಮಾತಾಡೋಕೆ ಶುರು ಮಾಡ್ದೆ."

ಸಾಹೇಬರೆಂದರೆ ಮೂಲೆಯ ಸಮಾಧಿಯಲ್ಲಿದ್ದ ಆಕ್ಸೆಲ್ ಗ್ರೊನ್‌ಹೆಲ್ಮ್, ಫಿನ್ಲೆಂಡಿನ ಕುಲೀನ ಮನೆತನದವರು. ಆಗ ಫಿನ್ಲೆಂಡನ್ನು ಆಳುತ್ತಿದ್ದ ರಷ್ಯಾದ ಚಕ್ರವರ್ತಿ ಆ ನಾಡಿನ ಹಕ್ಕು ಕಿತ್ತುಕೊಳ್ಳುವುದನ್ನು ಬಹಿರಂಗವಾಗಿ ವಿರೋಧಿಸಿ 1903ರಲ್ಲಿ ಗಡೀಪಾರಾದವರು. ಲೀಡ್ಸ್‌ನ ಗೆಳೆಯನೊಬ್ಬನ ಮನೆಯಲ್ಲಿ ಆಶ್ರಯ ಪಡೆದು, ಮರುವರ್ಷವೇ ಇಲ್ಲಿ ಕಣ್ಮುಚ್ಚಿದರು. ಎರಡು ವರ್ಷ ಕಳೆದ ಮೇಲೆ ಅವರ ಮಗ ಕುಲೀನರ ಸಭೆಯಲ್ಲಿ ಎದ್ದುನಿಂತು, ತನ್ನಂಥವರಿಗೆ ಹುಟ್ಟಿನಿಂದಲೇ ಸಿಗುತ್ತಿದ್ದ ಶಾಸನಸಭೆಯ ಸ್ಥಾನವನ್ನೇ ರದ್ದುಮಾಡಿ ಗಂಡಸು ಹೆಂಗಸರೆನ್ನದೆ ಎಲ್ಲರಿಗೂ ಮತ ಕೊಡುವ ಮಸೂದೆಯನ್ನು ಬೆಂಬಲಿಸಿದ. ಮುಂದೆ ಮೊಮ್ಮಗಳು ಸೀಗ್ರಿಡ್ ಅದೇ ಮತದಿಂದ ಗೆದ್ದು ಸಂಸತ್ತಿಗೆ ಹೋದರು.

ಇದೆಲ್ಲ ಈಶ್ವರಪ್ಪನವರಿಗೆ ಗೊತ್ತಾದದ್ದು ಈ ವರ್ಷ, 2004ರಲ್ಲಿ. ಅಜ್ಜನ ಅವಶೇಷಗಳನ್ನು ಊರಿಗೆ ಒಯ್ಯುತ್ತೇವೆಂದು ಸೀಗ್ರಿಡ್ ಬರೆದ ಕಾಗದ ಬಂದಾಗ.

"ಎರಡು ದಿನ ಊಟ ಸೇರ್ಲಿಲ್ಲ. ದಿನಾ ಬೆಳಿಗ್ಗೆ ಯಾರನ್ನ ಮಾತಾಡಿಸಲಿ?"

ಅಗೆಯಲು ಯಂತ್ರ ತರಿಸುತ್ತೇವೆ ಎಂದರು ಕಚೇರಿಯವರು. ಈಶ್ವರಪ್ಪ ಒಪ್ಪಲಿಲ್ಲ. ಗುದ್ದಲಿ ಹಿಡಿದು ಎರಡು ಮುಂಜಾನೆ ತಾವೇ ಅಗೆದರು. ಪೆಟ್ಟಿಗೆಯ ಮರ ಪುಡಿಯಾಗಿತ್ತು. ಸಿಕ್ಕಿದ್ದನ್ನೆಲ್ಲ ಕೈಯಿಂದಲೇ ಎತ್ತಿ ಬಿಳಿ ಬಟ್ಟೆಯ ಮೇಲಿಟ್ಟರು. ಫಿನ್ಲೆಂಡಿನಿಂದ ಬಂದಿದ್ದ ಎಪ್ಪತ್ತೆಂಟರ ಸೀಗ್ರಿಡ್ ಪಕ್ಕದಲ್ಲೇ ಕೋಲೂರಿ ನಿಂತೇ ಇದ್ದರು.

"ಇಷ್ಟು ವರ್ಷ ಯಾರಾದ್ರೂ ಇಲ್ಲಿಗೆ ಬರ್ತಿದ್ರಾ ಅಂತ ಕೇಳಿದ್ರು. ಯಾರೂ ಇಲ್ಲ ಅಮ್ಮ, ನಾನೇ ಮಾತಾಡಿಸ್ತಿದ್ದೆ, ನಮ್ಮ ಭಾಷೇಲಿ ಅಂದೆ. ಆ ಯಮ್ಮ ನನ್ನ ಮಣ್ಣಿನ ಕೈ ಹಿಡ್ಕೊಂಡು ಅತ್ತುಬಿಟ್ರು."

ಫಿನ್ಲೆಂಡಿಗೆ ಬನ್ನಿ ಎಂದು ಆಕೆ ಎರಡು ಸಲ ಬರೆದಿದ್ದಾರೆ. ಮುಂದಿನ ವರ್ಷ ನಿವೃತ್ತಿ, ಹೋಗುವ ಆಸೆಯಿದೆ. ತುಮಕೂರಿಗೆ? ಈಶ್ವರಪ್ಪ ಬ್ರಷ್ ಕೊಡವುತ್ತಾರೆ.

"ಅಲ್ಲಿ ನಮ್ಮನ್ನ ಗುರುತು ಹಿಡಿಯೋರು ಯಾರಿದ್ದಾರೆ ಸ್ವಾಮಿ? ಇರ್ಲಿ. ಒಬ್ಬರನ್ನಾದ್ರೂ ಅವರ ಊರಿಗೆ ಸೇರಿಸಿದೆ."