ಮಸ್ಕತ್ತಿನ ಮುದುಕರ ಹರಿದ ಟೊಪ್ಪಿ

ನಾಲ್ಕು ರಿಯಾಲ್, ಅಂದರೆ ನಮ್ಮ ಒಂಬೈನೂರು ರೂಪಾಯಿಯ ಹತ್ತಿರ. ಕಳೆದ ಡಿಸೆಂಬರಿನಲ್ಲಿ ಮಸ್ಕತ್ತಿನ ಒಬ್ಬ ಮುದುಕರ ಮನೆಗೆ ಹೋಗಿಬರಲು ನಾನು ಟ್ಯಾಕ್ಸಿಗೆ ಕೊಟ್ಟದ್ದು ಇಷ್ಟು. ಅವರು ತಮ್ಮ ಕಾರಿನಲ್ಲೇ ಕರೆದುಕೊಂಡು ಹೋಗುತ್ತೇನೆ ಎಂದಿದ್ದರು. ನನಗೆ ನಂಬಿಕೆ ಬರಲಿಲ್ಲ. ಅವರ ಕಾರಿನ ಹಿಂದೆ ಟ್ಯಾಕ್ಸಿಯಲ್ಲಿ ಹೋದೆ.

ಕಾಸರಗೋಡಿನಲ್ಲಿ ನನಗೊಂದು ಬಟ್ಟೆ ಅಂಗಡಿ ಇದೆ. ಹೆಗಲ ಮೇಲೆ ಲುಂಗಿಯ ಕಟ್ಟು ಹೊತ್ತು ಮಾರಿ ಮೇಲೆ ಬಂದವನು ನಾನು. ಮಗಳು ರಂಸೀನಾ ಮಸ್ಕತ್ತಿನಲ್ಲಿ ನರ್ಸ್. ಅಲ್ಲಿ ಚಳಿಗಾಲವೇ ಒಳ್ಳೆಯ ಕಾಲವೆಂದು ನನ್ನನ್ನೂ ಹೆಂಡತಿ ಆಸಿಯಾಳನ್ನೂ ಎರಡು ತಿಂಗಳಿಗೆ ಕರೆಸಿಕೊಂಡಿದ್ದಳು.

ರಜೆಯ ದಿನ ಅವಳು ನಮ್ಮನ್ನು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಳು. ಕತ್ತಿ, ನಾಣ್ಯ, ಹಳೆಯ ಹಡಗಿನ ಹಲಗೆ ಎಲ್ಲ ನೋಡಿದೆವು. ಒಂದು ಗಾಜಿನ ಪೆಟ್ಟಿಗೆಯಲ್ಲಿ ಕೈಹೊಲಿಗೆಯ ಬಿಳಿ ಟೊಪ್ಪಿ ಇತ್ತು, ಅದರ ಮೇಲೊಂದು ದೀಪ. ಸೂಜಿಯಿಂದ ತೂತು ಮಾಡಿ, ತೂತಿನ ಸುತ್ತ ನೂಲು ಹೊಲಿಯುವ ಕೆಲಸ. ಕಾಸರಗೋಡಿನ ನಮ್ಮ ತಳಂಗರೆಯ ಹೆಂಗಸರು ಮನೆಯಲ್ಲಿ ಕೂತು ಹೊಲಿದ ಇಂಥ ಟೊಪ್ಪಿಗಳು ಒಂದು ಕಾಲದಲ್ಲಿ ಹಡಗು ಹತ್ತಿ ಅರಬ್ ದೇಶಕ್ಕೆ ಹೋಗುತ್ತಿದ್ದವು. ನನ್ನ ತಾಯಿ, ಉಮ್ಮ, ಹೊಲಿದು ಹೊಲಿದೇ ಕಣ್ಣು ಹಾಳು ಮಾಡಿಕೊಂಡರು. ಕೊಳ್ಳುವವರು ಏನಾದರೊಂದು ಕುಂದು ಹೇಳಿ ಬೆಲೆ ಇಳಿಸುತ್ತಿದ್ದರು. ಯಾರನ್ನೂ ಸುಲಭಕ್ಕೆ ನಂಬದ ಬುದ್ಧಿ ನನಗೆ ಬಂದದ್ದು ಅದನ್ನು ನೋಡಿಯೇ. ಆ ಗಾಜಿನ ಪೆಟ್ಟಿಗೆಯಲ್ಲಿ ಟೊಪ್ಪಿಯ ಚಂದದ ಬಗ್ಗೆ ನಾಲ್ಕು ಸಾಲು ಬರೆದಿತ್ತು. ಹೊಲಿದವರ ಬಗ್ಗೆ ಏನೂ ಇರಲಿಲ್ಲ.

ಮರುದಿನ ಹಳೆಯ ಪೇಟೆಯ ಒಂದು ಟೊಪ್ಪಿ ಅಂಗಡಿಗೆ ಹೋದೆ. ಅಂಗಡಿಯವ ಕೈಹೊಲಿಗೆ ಎಂದು ನಲವತ್ತು ರಿಯಾಲ್ ಹೇಳಿದ. ನಾನು ಟೊಪ್ಪಿಯ ಒಳಬದಿ ಮಗುಚಿ ನೋಡಿ, ಇದು ಮೆಷಿನ್ನಿನದ್ದು ಎಂದೆ. ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ಒಮಾನಿ ಮುದುಕರೊಬ್ಬರು ಎದ್ದು ಬಂದರು. ಅಲ್ಲಿಯ ಎಷ್ಟೋ ಜನರಂತೆ ಅವರಿಗೂ ಹಿಂದಿ ಬರುತ್ತಿತ್ತು.

"ನಿಮಗೆ ಈ ಹೊಲಿಗೆ ಬರುತ್ತದೆಯೆ?"

"ಇಲ್ಲ," ಎಂದೆ.

ಅದು ಸುಳ್ಳು. ಉಮ್ಮನ ಕಣ್ಣು ಸೋತ ಮೇಲೆ ಅಂಚು ಹೊಲಿದು ಕೊಡುತ್ತಿದ್ದವನು ನಾನೇ. ಗಂಡಸು ಟೊಪ್ಪಿ ಹೊಲಿಯುತ್ತಾನೆಂದು ಊರು ನಗುತ್ತದೆ ಎಂದು ಬಾಗಿಲು ಹಾಕಿಕೊಂಡು ಹೊಲಿಯುತ್ತಿದ್ದೆ. ಆಸಿಯಾಳಿಗೂ ಅದು ಗೊತ್ತಿರಲಿಲ್ಲ.

ಮುದುಕರು ನಂಬಿದಂತೆ ಕಾಣಲಿಲ್ಲ. ನಾಳೆ ಮನೆಗೆ ಬನ್ನಿ, ಒಂದು ಹಳೆಯ ಟೊಪ್ಪಿ ತೋರಿಸಬೇಕು ಎಂದರು. ಹಳೆಯದೆಂದು ಹೇಳಿ ನನ್ನ ಕುತ್ತಿಗೆಗೆ ಕಟ್ಟುವ ಉಪಾಯ ಇದು ಎಂದುಕೊಂಡೆ. ಆದರೂ ನೋಡುವ ಆಸೆ.

"ಗುರುತಿಲ್ಲದವರ ಮನೆಗೆ ಎಂತಕ್ಕೆ ಹೋಗುವುದು ಉಪ್ಪಾ?" ಎಂದಳು ರಂಸೀನಾ.

"ಹೋಗಲಿ ಮಾರಾಯ್ತಿ," ಎಂದಳು ಆಸಿಯಾ. "ಊರಿಗೆಲ್ಲ ಟೊಪ್ಪಿ ಹಾಕಿದವರಿಗೆ ಹಾಕುವವ ಒಬ್ಬ ಸಿಕ್ಕಿದ್ದಾನೆ."

ಪರ್ಸನ್ನು ಅವಳ ಕೈಗೆ ಕೊಟ್ಟು, ಟ್ಯಾಕ್ಸಿಗೆ ಬೇಕಾದಷ್ಟನ್ನೇ ಜೇಬಿಗೆ ಹಾಕಿಕೊಂಡು ಹೊರಟೆ.

ಮನೆ ತಲುಪಿದ ಮೇಲೆ ಮುದುಕರು ಬಿಸ್ಕತ್ತಿನ ಡಬ್ಬಿಯಿಂದ ಟೊಪ್ಪಿ ತೆಗೆದರು. ಹಳದಿಗೆ ತಿರುಗಿತ್ತು, ಅಂಚು ಎರಡು ಬೆರಳಿನಷ್ಟು ಹರಿದಿತ್ತು.

"ನಾನು ಕೊಳ್ಳುವುದಿಲ್ಲ," ಎಂದೆ ಮೊದಲೇ.

"ಮಾರುವವರು ಯಾರು?" ಎಂದರು ಅವರು.

ಈ ಮುದುಕರ ಮದುವೆಯ ದಿನ ಅವರ ತಂದೆ ಆ ಟೊಪ್ಪಿ ಧರಿಸಿದ್ದರಂತೆ. ಬರುವ ಗುರುವಾರ ಮೊಮ್ಮಗನ ಮದುವೆ, ಅಂದು ಇವರು ಧರಿಸಬೇಕು. ಕೈಯಲ್ಲಿ ಸರಿಮಾಡುವವರು ಯಾರೂ ಸಿಕ್ಕಿರಲಿಲ್ಲ. ನಾನು ಒಳಬದಿ ಮಗುಚಿದೆ. ಸಣ್ಣ ಗಂಟುಗಳನ್ನು ಮಡಿಕೆಯ ಅಡಿಗೆ ಸೇರಿಸಿದ್ದರು, ಉಮ್ಮ ಸೇರಿಸುತ್ತಿದ್ದ ಹಾಗೆಯೇ. ಯಾರ ಕೈಯದೆಂದು ನಾನು ಹೇಳಲಾರೆ. ಇಲ್ಲ ಎನ್ನಲು ಮಾತ್ರ ಬಾಯಿ ಬರಲಿಲ್ಲ.

"ಕೊಡಿ, ಮನೆಗೆ ಒಯ್ದು ಹೊಲಿದು ತರುತ್ತೇನೆ," ಎಂದೆ.

ಅವರು ಟೊಪ್ಪಿಯನ್ನು ಮಡಿಲಿಗೆ ಎಳೆದುಕೊಂಡರು. "ಇಲ್ಲೇ ಹೊಲಿಯಿರಿ. ಹಿಂದೊಮ್ಮೆ ನನ್ನ ಇನ್ನೊಂದು ಟೊಪ್ಪಿಯನ್ನು ಒಬ್ಬ ಹೀಗೆಯೇ ಒಯ್ದು ಬೇರೆಯದನ್ನು ತಂದುಕೊಟ್ಟ."

ಅವರಿಗೂ ನನ್ನ ಮೇಲೆ ನಂಬಿಕೆ ಇರಲಿಲ್ಲ. ಯಾಕೋ ಅದರಿಂದಲೇ ನನಗೆ ಧೈರ್ಯ ಬಂತು. ನಾನು ಹೊಲಿಯಲು ಕೂತೆ, ಅವರು ನನ್ನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಕಾದರು. ನಮಾಜಿಗೆ ಎದ್ದಾಗ ಸೂಜಿ ಸಮೇತ ಟೊಪ್ಪಿಯನ್ನೂ ತೆಗೆದುಕೊಂಡು ಹೋದರು.

ಕೆಲಸ ಆ ದಿನ ಮುಗಿಯಲಿಲ್ಲ, ಮರುದಿನ ಅವರ ಕಾರಿನಲ್ಲೇ ಹೋದೆ. ಊಟಕ್ಕೆ ಕರೆದಿದ್ದರಿಂದ ಆಸಿಯಾಳೂ ಬಂದಳು. ನಾನು ಸೂಜಿ ಹಿಡಿದದ್ದನ್ನು ನೋಡಿ ಅವಳು ಹತ್ತಿರ ಬಂದು ಹೊಲಿಗೆಯನ್ನು ಬಗ್ಗಿ ನೋಡಿದಳು. ಆಮೇಲೆ, "ಮೂವತ್ತು ವರ್ಷದಿಂದ ಒಂದು ಬಟನ್ ಹೋದರೂ ನನ್ನನ್ನು ಕರೀತೀರಲ್ಲ. ನಾಚಿಕೆ ಉಂಟಾ ನಿಮಗೆ?" ಎಂದಳು.

ಕೆಲಸ ಮುಗಿದ ಮೇಲೆ ಮುದುಕರು ಎಷ್ಟು ಕೊಡಬೇಕು ಎಂದರು. ಜೀವನದಲ್ಲಿ ಮೊದಲ ಸಲ ನನಗೆ ಬೆಲೆ ಹೇಳಲು ಆಗಲಿಲ್ಲ. ಮದುವೆಯಲ್ಲಿ ಯಾರಾದರೂ ಕೇಳಿದರೆ ಕಾಸರಗೋಡಿನ ಹೆಂಗಸರು ಹೊಲಿದದ್ದು ಎಂದು ಹೇಳಿ, ಅಷ್ಟು ಸಾಕು ಎಂದೆ. ಗುರುವಾರ ರಂಸೀನಾಳ ಫೋನಿಗೆ ಅವರ ಫೋಟೋ ಬಂತು, ತಲೆಯ ಮೇಲೆ ಅದೇ ಟೊಪ್ಪಿ. ನಾನು ಫೋಟೋ ದೊಡ್ಡದು ಮಾಡಿ ಮೊದಲು ಅಂಚನ್ನೇ ನೋಡಿದೆ.

ಆ ಕಡೆಗೆ ಹೋಗುವುದಿದ್ದರೆ ಚಳಿಗಾಲದಲ್ಲೇ ಹೋಗಿ. ಟೊಪ್ಪಿ ಕೊಳ್ಳುವ ಮೊದಲು ಒಳಬದಿ ಮಗುಚಿ ನೋಡಿ, ಬೆಲೆ ಆಮೇಲೆ ಕೇಳಿ. ಗುರುತಿಲ್ಲದವರ ಕಾರು ಮೊದಲ ದಿನ ಹತ್ತಬೇಡಿ ಎಂದೇ ಈಗಲೂ ಹೇಳುತ್ತೇನೆ, ನಾಲ್ಕು ರಿಯಾಲ್ ಹೋದರೆ ಹೋಗಲಿ. ಮತ್ತೆ, ನಿಮಗೂ ಸೂಜಿ ಹಿಡಿಯಲು ಬರುವುದಾದರೆ ಹೊಲಿಯಲು ಕೂತಾಗ ಬಾಗಿಲು ಹಾಕಬೇಡಿ. ಬೆಳಕು ಸರಿಯಾಗಿ ಬೀಳುತ್ತದೆ, ಕಣ್ಣೂ ಉಳಿಯುತ್ತದೆ.