ಚಾಂದ್‌ಪಾಷಾನ ಬೈಸಿಕೊಳ್ಳುವ ನೌಕರಿ

ಚಾಂದ್‌ಪಾಷಾನಿಗೆ ಬೈಸಿಕೊಳ್ಳುವ ನೌಕರಿ ಸಿಕ್ಕ ಕಥೆ ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ನಾನು ತೂಕ ನೋಡುವವನು, ಅವನು ಚೀಲ ಹೊರುವ ಹಮಾಲ. ದಿನಾ ಮಸ್ಕಿಯಿಂದ ಬಸ್ಸಿಗೆ ಬರುತ್ತಿದ್ದ. ಹೋದ ಸುಗ್ಗಿಯಲ್ಲಿ ಅವನ ಸೊಂಟ ಕೈಕೊಟ್ಟಿತು. ಇನ್ನೊಂದು ಚೀಲ ಹೊತ್ತರೆ ಹಾಸಿಗೆಯೇ ಗತಿ ಎಂದುಬಿಟ್ಟರು ಡಾಕ್ಟರು. ಮನೆಯಲ್ಲಿ ಹೆಂಡತಿ ಮಾಬುಬೀ, ಕಾಲೇಜಿಗೆ ಹೋಗುವ ಮಗಳು ಮಹೆಕ್. ಕೂತು ಮಾಡುವ ಕೆಲಸ ಸಿಗದಿದ್ದರೆ ಮನೆ ನಡೆಯುವುದು ಹೇಗೆ?

ಅದೇ ಹೊತ್ತಿಗೆ ನಮ್ಮ ಸಾಹುಕಾರ ಸಂಗನಬಸವ ಹೈದರಾಬಾದಿನ ಹೋಟೆಲೊಂದರಲ್ಲಿ ಮನೋವಿಜ್ಞಾನದ ಶಿಬಿರ ಮುಗಿಸಿ ಬಂದರು. ಅವರು ಮಧ್ಯಾಹ್ನದ ಚಹಾ ನಿಲ್ಲಿಸಿದ್ದಕ್ಕೆ ಹಮಾಲರು ಒಳಗೊಳಗೇ ಕುದಿಯುತ್ತಿದ್ದರು. ಕೆಲಸಗಾರರ ಸಿಟ್ಟಿಗೆ ದಾರಿ ಮಾಡಿಕೊಡಬೇಕು, ಆಗ ಕೆಲಸ ಚುರುಕಾಗುತ್ತದೆ ಎಂದು ಶಿಬಿರದಲ್ಲಿ ಹೇಳಿದ್ದರಂತೆ. ಬುದ್ಧಿ ಇದ್ದವರು ಚಹಾ ಶುರು ಮಾಡುತ್ತಿದ್ದರು. ಇವರು ಒಂದು ಕುರ್ಚಿ ತಂದರು.

"ಚಾಂದ್‌ಪಾಷಾ, ನೀ ಇಲ್ಲಿ ಕುಂದ್ರು. ಯಾರಿಗೆ ನನ್ನ ಮ್ಯಾಲ ಸಿಟ್ಟು ಬಂದ್ರೂ ಬಂದು ನಿನಗ ಬೈತಾರ. ನೀ ತಪ್ಪಾತು ಅನ್ನು. ಪಗಾರ ಮೊದಲಿನಷ್ಟ."

"ಬೈಗುಳ ಏನ್ ಭಾರ ಆಗ್ತದ್ರೀ ಸಾವ್ಕಾರ್ರ?" ಎಂದು ಅವನು ಕಣ್ಣೊರೆಸಿಕೊಂಡ.

ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಹಮಾಲರ ಬಾಯಲ್ಲಿ ಪ್ರೀತಿಯೂ ಬೈಗುಳವಾಗಿಯೇ ಬರುತ್ತದೆ. ಚಾಂದ್‌ಪಾಷಾನ ಜೋಡಿ ಹಮಾಲ, ಸಂತೆಕಲ್ಲೂರಿನ ಚನ್ನವೀರನಂತೂ ಊಟಕ್ಕೆ ಕರೆಯುವಾಗಲೂ ಅವನ ವಂಶವನ್ನೆಲ್ಲ ಜಾಲಾಡುತ್ತಿದ್ದ.

ಆದರೆ ಆ ಕುರ್ಚಿ ನೋಡಬೇಕಿತ್ತು ನೀವು! ಎತ್ತರದ ಬೆನ್ನು, ಕೆಳಗೆ ಗಾಲಿ, ಮೇಲೆ ಫ್ಯಾನು. ಅದರ ಮುಂದೆ ಬಂದ ಚನ್ನವೀರ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, "ಆರಾಮ್ ಅದೀರೇನ್ರೀ?" ಅಂದ. ನಾನು ತಕ್ಕಡಿ ಹಿಡಿದುಕೊಂಡು ನಕ್ಕೆ. ಲಾರಿ ಡ್ರೈವರ್ ಆಸೀಫ್ ಸಲಾಂ ಹೊಡೆದು, ತನ್ನ ತಮ್ಮನಿಗೊಂದು ಕೆಲಸ ಕೊಡಿಸಲು ಸಾಧ್ಯವೇ ಎಂದು ವಿಚಾರಿಸಿದ. ಬೈಯಲು ಬಂದವರೆಲ್ಲ ನಮಸ್ಕಾರ ಮಾಡಿ ಹೋದರು.

ಸಾಹುಕಾರರು ಇದನ್ನೆಲ್ಲ ಕ್ಯಾಮೆರಾದಲ್ಲಿ ನೋಡುತ್ತಿದ್ದರು. "ಒಬ್ರೂ ಬೈಯವಲ್ರು. ನಾಳೇನೂ ಹಿಂಗ ಆದ್ರ ಕುರ್ಚಿ ತಗಸ್ತೀನಿ, ನೀ ಮನೀಗೆ ಹೋಗು" ಎಂದರು.

ಚಾಂದ್‌ಪಾಷಾ ಚನ್ನವೀರನ ಕೈ ಹಿಡಿದುಕೊಂಡ. "ಚನ್ನ್ಯಾ, ಒಂದ್ಸಲ ಬೈಯೋ ಮಾರಾಯ."

"ಬಾಯಿ ಏಳವಲ್ದ್ರೀ."

"ರೀ ಅಂತೀಯೇನಲೇ ನನಗ!"

"ಕುರ್ಚಿ ಮ್ಯಾಲ ಕುಂತವಗ ಬೈಯಾಕ ಬಂದಿದ್ರ ಇಷ್ಟೊತ್ತಿಗೆ ಸಾವ್ಕಾರಗ ಬೈತಿದ್ದಿಲ್ಲೇನು?"

ಮರುದಿನ ಚಾಂದ್‌ಪಾಷಾ ಕುರ್ಚಿಯಿಂದ ಎದ್ದವನೇ ನೇರವಾಗಿ ಹೋಗಿ ಭತ್ತದ ಚೀಲಕ್ಕೆ ಕೈ ಹಾಕಿದ. ಅರ್ಧ ಎತ್ತಿದ್ದ, ಅಷ್ಟರಲ್ಲಿ ಚನ್ನವೀರ ತನ್ನ ಚೀಲ ಅಲ್ಲೇ ಒಗೆದು ಓಡಿ ಬಂದ.

"ಲೇ ಮೂಳಾ! ಸಾಯಾಕ ಬಂದೀಯೇನಲೇ? ನಿನ್ನ ಬಾಯಾಗ ಮಣ್ಣ ಹಾಕ! ಮಗಳನ್ನ ಯಾರು ನೋಡ್ತಾರಲೇ?"

ಉಳಿದವರೂ ಸೇರಿಕೊಂಡರು. ಬೈಗುಳಕ್ಕೆ ಗಿರಣಿಯ ಸದ್ದೇ ಕೇಳದಾಯಿತು. ಸೊಂಟ ಹಿಡಿದುಕೊಂಡು ನೆಲಕ್ಕೆ ಕೂತಿದ್ದ ಚಾಂದ್‌ಪಾಷಾನ ಮುಖ ಮಾತ್ರ ಅರಳಿತ್ತು.

ಸಾಹುಕಾರರು ಚಪ್ಪಾಳೆ ತಟ್ಟುತ್ತ ಹೊರಗೆ ಬಂದರು. "ಭಾಳ ಚಲೋ ಆತು! ಇನ್ನ ದಿನಾ ಮುಂಜಾನಿ ಒಂದು ಚೀಲ ಎತ್ತು, ಬೈಸ್ಕೋ, ಆಮ್ಯಾಲ ಕುಂದ್ರು. ನಿನ್ನ ನೌಕರಿ ಪಕ್ಕಾ."

ಥೂ! ನನ್ನ ಕೈಯಲ್ಲಿದ್ದ ತೂಕದ ಕಲ್ಲನ್ನು ಕೆಳಗಿಟ್ಟುಬಿಟ್ಟೆ, ಎಲ್ಲಿ ಎಸೆದುಬಿಡುತ್ತೇನೋ ಎಂದು. ಚನ್ನವೀರ ನಿಧಾನಕ್ಕೆ ಸಾಹುಕಾರರ ಕಡೆ ತಿರುಗಿದ. ಬಾಯಿ ತೆರೆದ.

ಚಾಂದ್‌ಪಾಷಾ ಬಗ್ಗಿದ ಬೆನ್ನಲ್ಲೇ ಇಬ್ಬರ ನಡುವೆ ಬಂದ. "ಅವರಿಗಲ್ಲಲೇ, ನನಗ ಬೈ. ಅವರಿಗೆ ಬೈದ್ರ ಇಬ್ರದೂ ನೌಕರಿ ಹೋಗ್ತದ." ಹೋಗಿ ಕುರ್ಚಿಯ ಮೇಲೆ ಕೂತ.

ಚನ್ನವೀರ ಬೆರಳು ತೋರಿಸಿದ್ದು ಚಾಂದ್‌ಪಾಷಾನಿಗೆ, ನೋಡಿದ್ದು ಸಾಹುಕಾರರನ್ನು. "ಲೇ ಹೊಟ್ಟಿಬಾಕಾ! ನಮ್ಮ ಚಾ ಕಸ್ಗೊಂಡಿ. ಸೊಂಟ ಮುರದವನ ಕೈಲೆ ಚೀಲ ಎತ್ತಸ್ತಿ. ಅವ ಸತ್ರ ಅವನ ಹೆಂಡ್ತಿ ಮುಂದ ನೀ ಹೋಗಿ ನಿಂದರ್ತೀಯೇನಲೇ?"

ಕಡ್ಡಿಯಂತಿದ್ದ ಚಾಂದ್‌ಪಾಷಾ ಕೈ ಮುಗಿದ. "ತಪ್ಪಾತಪ್ಪ. ಇನ್ನ ಮ್ಯಾಲ ಅವನ ಕೈಲೆ ಎತ್ತಸಂಗಿಲ್ಲ."

ಗಿರಣಿಯವರೆಲ್ಲ ಸಾಹುಕಾರರ ಮುಖ ನೋಡಿದೆವು. ಅವರು ಕುತ್ತಿಗೆಯ ಬೆವರು ಒರೆಸಿಕೊಂಡು, "ಹೂಂ, ಎತ್ತಸಬ್ಯಾಡ" ಎಂದು ಚಾಂದ್‌ಪಾಷಾನಿಗೇ ಹೇಳಿ ಒಳಗೆ ಹೋದರು.